ಬಾಯಿಪಾಠವಾದ ತಾಯಿ

ಗೌಸಿಯಾ ತನ್ನ ತಾಯಿಯ ಕೈಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಮಾತುಗಳನ್ನು ಅವಳ ಮಾಸ್ತರು ಸತೀಶ್ ಕುಮಾರ್ ಜೆರಾಕ್ಸ್ ಮಾಡಿಸಿ ಬ್ಯಾಚಿನವರಿಗೆಲ್ಲ ಹಂಚಿದರು. ಬ್ಯಾಚಿನವರು ಅದನ್ನು ಬಾಯಿಪಾಠ ಮಾಡಿ, ಬೆಂಗಳೂರಿನ ಪರೀಕ್ಷಾ ಕೋಣೆಯಲ್ಲಿ ಒಬ್ಬರಾದ ಮೇಲೊಬ್ಬರು ತಮ್ಮ ತಮ್ಮ ತಾಯಿಯ ಬಗ್ಗೆ ಎಂದು ಹೇಳಿ ಬಂದರು. ಕೊನೆಗೆ ಒಳಗೆ ಹೋದ ಗೌಸಿಯಾಳನ್ನು ಪರೀಕ್ಷಕಿ ಅರ್ಧದಲ್ಲೇ ತಡೆದು, ‘ಬಾಯಿಪಾಠ ಸಾಕು, ಇನ್ನು ನಿಮ್ಮದೇ ಮಾತಿನಲ್ಲಿ ಹೇಳಿ’ ಎಂದರು. ಮಾತಿನ ವಿಭಾಗದಲ್ಲಿ ಅವಳಿಗೆ ಬೇಕಾದಷ್ಟು ಅಂಕ ಬರಲಿಲ್ಲ.

ಗೌಸಿಯಾ ನಲ್ಲೂರಿನವಳು. ಚನ್ನಗಿರಿಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ಹೊರದೇಶದ ಆಸ್ಪತ್ರೆಯವರು ಕರೆಯಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಬೇಕು. ಓದುವುದು, ಬರೆಯುವುದು, ಕೇಳುವುದು, ಮಾತಾಡುವುದು, ನಾಲ್ಕರಲ್ಲಿ ಒಂದು ತಪ್ಪಿದರೂ ಇಲ್ಲ. ಅವಳಿಗೆ ಹೋಗಬೇಕಿತ್ತು. ತಾಯಿ ಹಜೀರಾಳನ್ನು ಅಡಿಕೆ ಶೆಡ್ಡಿನಿಂದ ಎಬ್ಬಿಸಿ ಮನೆಯಲ್ಲಿ ಕೂರಿಸಬೇಕಿತ್ತು. ಅದಕ್ಕಾಗಿ ಶನಿವಾರ ಶನಿವಾರ ಬಸ್ಸು ಹಿಡಿದು ಹೊನ್ನಾಳಿಗೆ ಹೋಗುತ್ತಿದ್ದಳು. ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದಂಗಡಿಯ ಮಹಡಿಯ ಮೇಲೆ ಸತೀಶ್ ಕುಮಾರರ ಕ್ಲಾಸು. ನ್ಯಾಮತಿ ಕಡೆಯವರು, ಚನ್ನಗಿರಿ ಕಡೆಯವರು, ಅತ್ತೆಯ ಮನೆಯಲ್ಲಿ ಉಳಿದುಕೊಂಡು ಬರುವ ಜಗಳೂರಿನ ಅಂಬಿಕಾ, ಎಲ್ಲರೂ ಅಲ್ಲಿಗೇ. ಬೆಳಗಿನ ಹೊತ್ತು ಯೂರಿಯಾದ ವಾಸನೆ ಮೆಟ್ಟಿಲು ಹತ್ತಿ ಕ್ಲಾಸಿನೊಳಗೆ ಬಂದು ಕೂರುತ್ತಿತ್ತು.

ಸತೀಶ್ ಕುಮಾರ್ ಮೊದಲಿಗೆ ಅಚ್ಚು ಹಾಕಿದ ಇಂಗ್ಲಿಷ್ ಪದಗಳನ್ನು ಕೊಟ್ಟಿದ್ದರು. ಸಮೃದ್ಧಿಗೆ ಒಂದು ಪದ, ರಮಣೀಯಕ್ಕೆ ಒಂದು ಪದ, ಸಾಮರಸ್ಯಕ್ಕೆ ಒಂದು ಪದ. ಗೌಸಿಯಾ ಡ್ಯೂಟಿಯಲ್ಲಿ ಇಂಜೆಕ್ಷನ್ ತುಂಬುತ್ತಾ ಅವನ್ನು ಗುನುಗುತ್ತಿದ್ದಳು. ಸಂಜೆಗೆ ಒಂದೂ ಉಳಿಯುತ್ತಿರಲಿಲ್ಲ. ಅವಳು ನೋಡಿದ ಬದುಕಿನಲ್ಲಿ ಆ ಪದಗಳಿಗೆ ಕೂರಲು ಜಾಗವೇ ಇರಲಿಲ್ಲ.

ಜಾಗ ಸಿಕ್ಕಿದ್ದು ಶೆಡ್ಡಿನಲ್ಲಿ. ರಾತ್ರಿಪಾಳಿ ಮುಗಿಸಿ ಬಂದ ಬೆಳಗುಗಳಲ್ಲಿ ಅವಳು ತಾಯಿಗೆ ಬುತ್ತಿ ಹಿಡಿದು ಮಹೇಶ್ವರಪ್ಪನವರ ಶೆಡ್ಡಿಗೆ ಹೋಗುತ್ತಿದ್ದಳು. ಮಹೇಶ್ವರಪ್ಪ ಸುತ್ತಲಿನ ತೋಟಗಳ ಫಸಲಿಗೆ ಮೊದಲೇ ದರ ಕಟ್ಟಿ ಖೇಣಿಗೆ ಹಿಡಿದು, ಹಸಿ ಅಡಿಕೆಯನ್ನು ಸುಲಿಸಿ, ಬೇಯಿಸಿ, ಒಣಗಿಸಿ ಮಾರುವವರು. ಯಂತ್ರ ಬಂದ ಮೇಲೂ ಒಳ್ಳೆಯ ಮಾಲಿಗೆ ಹೆಂಗಸರ ಕೈಯೇ ಬೇಕು ಅನ್ನುವವರು. ಸಾಲಾಗಿ ಕೂತ ಹೆಂಗಸರು ಕತ್ತಿಯ ಬಾಯಿಗೆ ಕಾಯಿ ಕೊಟ್ಟು ಸಿಪ್ಪೆ ಸೀಳುತ್ತಿದ್ದರು. ಗೌಸಿಯಾ ಅಲ್ಲೇ ಕೂತು ಕಣ್ಣಿಗೆ ಬಿದ್ದದ್ದಕ್ಕೆಲ್ಲ ಇಂಗ್ಲಿಷ್ ಹುಡುಕತೊಡಗಿದಳು.

“ಇದಕ್ಕೇನಂತಾರೆ ನಿಮ್ಮ ಇಂಗ್ಲಿಷ್‌ನಾಗೆ?” ಪಕ್ಕದಲ್ಲಿ ಸುಲಿಯುತ್ತಿದ್ದ ಉಚ್ಚಂಗಮ್ಮ ಸಿಪ್ಪೆ ಎತ್ತಿ ತೋರಿಸಿದಳು.

“ಹಸ್ಕ್.”

“ಯವ್ವಾ, ಸೀನಿದಂಗೈತಲ್ಲೇ!”

ಸಾಲಿಗೆ ಸಾಲೇ ನಕ್ಕಿತು. ಆಮೇಲೆ ಯಾರಾದರೂ ಸೀನಿದರೆ ಉಚ್ಚಂಗಮ್ಮ “ಹಸ್ಕ್ ಬಂತು ನೋಡ್ರೇ” ಅನ್ನುವಳು. ಹಜೀರಾ ಮಾತ್ರ ನಗುತ್ತಲೇ ಆ ಪದವನ್ನು ಎರಡು ಸಲ ಬಾಯೊಳಗೆ ತಿರುಗಿಸಿಕೊಂಡಳು. ಆಮೇಲೆ ತನ್ನ ಹೆಬ್ಬೆರಳ ಬುಡದ ಜಡ್ಡು ಮುಟ್ಟಿ ಕೇಳಿದಳು:

“ಇದಕ್ಕೆ ಏನೇ ಬೇಟಿ?”

“ಕ್ಯಾಲಸ್, ಅಮ್ಮಿ.”

“ಇಂಗ್ಲಿಷ್‌ನೋರ ಕೈನೂ ಜಡ್ಡು ಕಟ್ತಾವಾ?”

“ಪದ ಐತಂದ್ರೆ ಕಟ್ಟೇ ಇರ್ತಾವೆ.”

ಹಜೀರಾಳಿಗೆ ಅದು ದೊಡ್ಡ ಸುದ್ದಿ. ಆ ದಿನವೆಲ್ಲ ಪಕ್ಕದವರಿಗೆ ಹೇಳಿದ್ದೇ ಹೇಳಿದ್ದು: “ಅಲ್ಲೂ ದುಡಿಯೋರು ಅದಾರಂತೆ ಕಣ್ರೇ. ಹೆಸರಿಟ್ಟಾರೆ.”

ಚೊಗರಿಗೆ ಮಾತ್ರ ಪದ ಸಿಗಲಿಲ್ಲ. ಹಸಿ ಅಡಿಕೆ ಸೀಳಿದಾಗ ಬೆರಳ ಸಂದಿಗೆ ಇಳಿದು, ಸೋಪಿಗೂ ಸೀಗೆಪುಡಿಗೂ ಬಗ್ಗದೆ ಚರ್ಮವನ್ನು ಕಪ್ಪು ಮಾಡುವ ಆ ಒಗರು ರಸಕ್ಕೆ ಸತೀಶ್ ಕುಮಾರ್ ‘ಜ್ಯೂಸ್’ ಅಂದರು. ಜ್ಯೂಸು ಕುಡಿಯುವುದು, ಇದು ಕುಡಿಯುವುದಲ್ಲ, ಸುಡುವುದು. ಗೌಸಿಯಾ ಒಪ್ಪಲಿಲ್ಲ. ವಾರಗಟ್ಟಲೆ ಹುಡುಕಿ, ಕೊನೆಗೆ ಅದನ್ನು ‘ಕಾಯಿ ಬಿಟ್ಟು ಹೋಗುವ ಕಪ್ಪು’ ಎಂದು ಇಂಗ್ಲಿಷಿನಲ್ಲಿ ಕಟ್ಟಿಕೊಂಡಳು. ಹೀಗೆ ಒಂದೊಂದೇ ಪದ ಸೇರಿ ಒಂದು ಮಾತಾಯಿತು. ನರ್ಸಿಂಗ್ ಹೋಮಿನಲ್ಲಿ ‘ಏಯ್ ಸಿಸ್ಟರ್’ ಆಗಿದ್ದವಳಿಗೆ ಮೊದಲ ಸಲ ತನ್ನದು ಅನ್ನುವ ಇಂಗ್ಲಿಷ್ ಹುಟ್ಟಿತು.

ಅದು ಹೀಗಿತ್ತು: ‘ನನ್ನ ತಾಯಿಯ ಅಂಗೈ ನೋಡಿದರೆ ಈಗ ಯಾವ ತಿಂಗಳು ಎಂದು ಹೇಳಬಹುದು. ಸುಲಿಯುವ ಕಾಲದಲ್ಲಿ ಅದು ಕಪ್ಪು. ಕೆಲಸ ಮುಗಿದು ಬೇಸಿಗೆ ಬಂದಾಗ ಕಂದು. ಕಾಯಿ ಬಿಟ್ಟು ಹೋಗುವ ಕಪ್ಪು ಹಸ್ಕ್‌ನಿಂದ ಕ್ಯಾಲಸ್‌ಗೆ ಇಳಿದು ನಿಲ್ಲುತ್ತದೆ. ಬೆಳ್ಳಗಾಗುವಷ್ಟರಲ್ಲಿ ಮತ್ತೆ ಹೊಸ ಗೊನೆ ಬಂದಿರುತ್ತದೆ. ಮದುವೆಮನೆಗಳಲ್ಲಿ ಅವಳು ಮೆಹಂದಿ ಹಾಕಿಸಿಕೊಳ್ಳುತ್ತಾಳೆ. ಕಪ್ಪಿನ ಮೇಲೆ ಕೆಂಪು ಕಾಣುವುದಿಲ್ಲ. ಆದರೂ ಹಾಕಿಸಿಕೊಳ್ಳುತ್ತಾಳೆ.’

ಸತೀಶ್ ಕುಮಾರರ ಕ್ಲಾಸಿನಲ್ಲಿ ಒಂದು ಪದ್ಧತಿ ಇತ್ತು. ಶನಿವಾರ ಪ್ರತಿಯೊಬ್ಬರೂ ಒಂದು ಕಥೆ ತರಬೇಕು. ಚೆನ್ನಾಗಿದ್ದದ್ದು ಎಲ್ಲರದಾಗುತ್ತದೆ. ‘ಒಂದು ಕಥೆ, ಹತ್ತು ಕಾರ್ಡು’ ಅನ್ನುವುದು ಅವರ ಮಂತ್ರ. ಪರೀಕ್ಷೆಯಲ್ಲಿ ಪರೀಕ್ಷಕರು ಒಂದು ಕಾರ್ಡು ಕೊಡುತ್ತಾರೆ. ಮೆಚ್ಚಿನ ವ್ಯಕ್ತಿ, ಕಷ್ಟದ ಕೆಲಸ, ನಿಮ್ಮ ಊರು, ಕೈಕಸುಬು, ಏನು ಬಂದರೂ ಅದೇ ಕಥೆಯನ್ನು ಕೊಂಚ ಬಗ್ಗಿಸಿ ಹೇಳಿಬಿಡಬೇಕು. ಗೋವಿನಕೋವಿಯ ನಾಗರಾಜ್ ಹೇಳಿದ್ದ ಹೊಳೆಯಲ್ಲಿ ಈಜು ಕಲಿತ ಕಥೆಯನ್ನು ನೀರಿಗಿಳಿಯದವರೂ ಬಾಯಿಪಾಠ ಮಾಡಿದ್ದರು. ಗೌಸಿಯಾಳೂ ಮಾಡಿದ್ದಳು.

ಅವಳ ಸರದಿ ಬಂದಾಗ ಓದಿದಳು. ಅಂಬಿಕಾ ಕಣ್ಣೊರೆಸಿಕೊಂಡಳು. ಸತೀಶ್ ಕುಮಾರ್ ಮೇಜು ಕುಟ್ಟಿದರು.

“ಸೂಪರ್ ಮೆಟೀರಿಯಲ್ ಇದು! ಈ ಸಲದ ಬ್ಯಾಚಿಗೆ ಇದೊಂದೇ ಸಾಕು. ಆದ್ರೆ ಗೌಸಿಯಾ, ಆ ಮೆಹಂದಿ ಲೈನ್ ತೆಗಿತೀನಮ್ಮ.”

“ಯಾಕೆ ಸಾರ್?”

“ಎಲ್ರಿಗೂ ಸೂಟ್ ಆಗ್ಬೇಕಲ್ಲ.”

“ಅದೇ ಸಾರ್ ನಮ್ಮಮ್ಮಿ.”

“ಅದಕ್ಕೇ ತೆಗ್ಯೋದು,” ಅಂದರು ನಗುತ್ತಾ, ಕೆಂಪು ಪೆನ್ನು ಎಳೆದರು. ಕ್ಲಾಸೂ ನಕ್ಕಿತು. ಆ ನಗುವಿನಲ್ಲಿ ಗೌಸಿಯಾಳಿಗೆ ಬೇಡ ಅನ್ನುವ ಮಾತು ಸಿಗಲಿಲ್ಲ. ಎಷ್ಟೊಂದು ಪದ ಕಲಿತಿದ್ದಳು, ಅದೊಂದನ್ನು ಯಾರೂ ಕಲಿಸಿರಲಿಲ್ಲ.

ಬೆಂಗಳೂರಿಗೆ ಎಲ್ಲರೂ ಒಂದೇ ವ್ಯಾನಿನಲ್ಲಿ ಹೋದರು. ಮಾತಿನ ಪರೀಕ್ಷೆಗೆ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಕೋಣೆ ಒಂದೇ, ಕನ್ನಡಕದ ಪರೀಕ್ಷಕಿ ಒಬ್ಬರೇ. ಮೊದಲು ಹೋದವಳು ಸಂಧ್ಯಾರಾಣಿ. ಅವಳು ಮಹೇಶ್ವರಪ್ಪನವರ ಮಗಳು. ಯಾರ ಶೆಡ್ಡಿನಲ್ಲಿ ಹಜೀರಾಳ ಕೈ ಕಪ್ಪಾಗಿತ್ತೋ ಅವರ ಮಗಳು. ಹೊರಗೆ ಬಂದವಳೇ ಗೌಸಿಯಾಳ ಭುಜ ಹಿಡಿದು ಕುಣಿದಳು.

“ಗೌಸಿಯಾ, ನಿಮ್ಮಮ್ಮಂದೇ ಹೊಡ್ದೆ ಕಣೇ! ಆಯಮ್ಮ ಬರ್ಕೊಂಡಿದ್ದೇ ಬರ್ಕೊಂಡಿದ್ದು.”

ಆಮೇಲೆ ನಾಗರಾಜ್. ಆಮೇಲೆ ಇನ್ನಿಬ್ಬರು. ಆಮೇಲೆ ಅಂಬಿಕಾ, ಹೊರಬರುವಾಗ ಮುಖ ಹುಳ್ಳಗೆ ಮಾಡಿಕೊಂಡಿದ್ದಳು.

“ನಾನೂ ಅದೇ ಹೇಳಿಬಿಟ್ಟೆ. ನಮ್ಮವ್ವ ಜಗಳೂರಾಗೆ ಶೇಂಗಾ ಬಿಟ್ರೆ ಇನ್ನೇನೂ ಸುಲಿದಿಲ್ಲ. ಇವತ್ತು ಅಡಿಕೆ ಸುಲಿಸಿಬಿಟ್ಟೆ ನೋಡು. ಆಯಮ್ಮ ಯಾಕೋ ನನ್ನ ಕಡೆ ಒಂಥರಾ ನೋಡಿದ್ರು.”

ಗೌಸಿಯಾಳಿಗೆ ಬಂದ ಕಾರ್ಡು: ನೀವು ಮೆಚ್ಚುವ ಒಬ್ಬ ದುಡಿಯುವ ವ್ಯಕ್ತಿ. ಅವಳು ಉಸಿರೆಳೆದುಕೊಂಡಳು. ಅಂಗೈ ನೋಡಿ ತಿಂಗಳು ಹೇಳಬಹುದು ಎಂದಳು. ಕಪ್ಪು ಎಂದಳು, ಕಂದು ಎಂದಳು. ಮೆಹಂದಿಯ ಸಾಲನ್ನು ತಾನಂತೂ ಬಿಡುವುದಿಲ್ಲ ಎಂದು ವ್ಯಾನಿನಲ್ಲೇ ನಿಶ್ಚಯಿಸಿದ್ದಳು. ಅಲ್ಲಿಗೆ ಬರುವ ಮೊದಲೇ ಪರೀಕ್ಷಕಿ ಕೈ ಎತ್ತಿದರು. ಒರಟಾಗಿಯೇನೂ ಅಲ್ಲ. ದಣಿದವರಂತೆ, ಮೃದುವಾಗಿ.

ಅವರ ತಪ್ಪೇನಿದೆ? ಬೆಳಗಿನಿಂದ ಅವರ ಮುಂದೆ ಒಂದೇ ತಾಯಿ ಬಂದು ಕೂತು ಹೋಗುತ್ತಿದ್ದಳು. ನಿಜವಾದ ಮಗಳು ಬರುವ ಹೊತ್ತಿಗೆ ತಾಯಿ ಸುಳ್ಳಾಗಿದ್ದಳು.

‘ನಿಮ್ಮದೇ ಮಾತಿನಲ್ಲಿ ಹೇಳಿ.’ ಗೌಸಿಯಾಳಿಗೆ ಬೇರೆ ಮಾತು ಇರಲಿಲ್ಲ. ತಡವರಿಸಿದಳು. ಅಡಿಕೆಗೆ ಏನನ್ನುತ್ತಾರೆ ಎನ್ನುವುದೂ ಮರೆತುಹೋಯಿತು.

ಫಲಿತಾಂಶ ಬಂದ ಶನಿವಾರ ಅವಳು ಹೊನ್ನಾಳಿಗೆ ಹೋದಾಗ ಗೊಬ್ಬರದಂಗಡಿಯ ಮೇಲೆ ಒಳ್ಳೆಯ ಅಂಕ ಪಡೆದ ಸಂಧ್ಯಾರಾಣಿಯ ಫ್ಲೆಕ್ಸ್ ಕಟ್ಟಿದ್ದರು. ಗೌಸಿಯಾ ಅದರ ಕೆಳಗೇ ಹಾದು ಮೆಟ್ಟಿಲು ಹತ್ತಿದಳು.

“ನಿಂದು ಬ್ಯಾಡ್ ಲಕ್ ಕಣಮ್ಮ,” ಅಂದರು ಸತೀಶ್ ಕುಮಾರ್.

“ಅದು ನಂದು ಸಾರ್. ನಂದೇ ನಂಗೆ ಅಡ್ಡ ಬಂತು.”

“ಕ್ಲಾಸಿಗೆ ಕೊಟ್ಟ ಮೇಲೆ ಕ್ಲಾಸಿಂದು. ನಾಗರಾಜನ ಹೊಳೆ ನೀನೂ ಈಜಿಲ್ವಾ?”

“ಈಜಿದೀನಿ ಸಾರ್. ಅವನಿಗಿಂತ ಮುಂಚೆ ನಾವೆಲ್ಲ ಒಳಗೆ ಹೋಗಿ ಈಜಿದ್ರೆ ಅವನೂ ಮುಳುಗ್ತಿದ್ದ.”

ಸತೀಶ್ ಕುಮಾರ್ ಡ್ರಾಯರ್ ಎಳೆದರು. “ಸಿಟ್ಟಾಗಬ್ಯಾಡ. ಬರೋ ತಿಂಗಳು ಇನ್ನೊಂದು ಸಲ ಕೂತ್ಕೋ. ಆದ್ರೆ ಆ ಅಡಿಕೆ ಕೈ ಕಥೆ ಹಳಸ್ತು, ಅದನ್ನ ಬಾಯಿಗೆ ತರಬ್ಯಾಡ. ಎಲ್ಲಾ ಪರೀಕ್ಷಕರಿಗೂ ಗೊತ್ತಾಗಿರ್ತೈತೆ. ನಿಂಗೆ ಬೇರೆ ತಾಯಿ ರೆಡಿ ಮಾಡಿಟ್ಟೀನಿ.”

ಹಾಳೆ ಕೊಟ್ಟರು. ಆ ತಾಯಿ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮುಂಜಾನೆ ಗುಲಾಬಿ ಗಿಡಗಳಿಗೆ ನೀರು ಹಾಕುತ್ತಾಳೆ. ಜೀವನಚರಿತ್ರೆಗಳನ್ನು ಓದುತ್ತಾಳೆ. ಸಮೃದ್ಧಿ, ರಮಣೀಯ, ಸಾಮರಸ್ಯ, ಮೂರೂ ಪದ ಅವಳ ಬದುಕಿನಲ್ಲಿ ಸಲೀಸಾಗಿ ಕೂತಿದ್ದವು.

ಮಗಳ ಸ್ವಂತ ಮಾತು ಕಸಿದು, ಅವಳ ಕೈಗೆ ಯಾರದೋ ತಾಯಿಯನ್ನು ಕೊಟ್ಟರು. ಇದಕ್ಕೆ ಕನ್ನಡದಲ್ಲಿ ಒಂದು ಪದವಿದೆ, ಉರ್ದುವಿನಲ್ಲೂ ಇದೆ. ಹೊನ್ನಾಳಿಯ ಆ ಮಹಡಿಯಲ್ಲಿ ಅದನ್ನು ಕೋಚಿಂಗ್ ಅನ್ನುತ್ತಾರೆ.

ಗೌಸಿಯಾ ಹಾಳೆ ತೆಗೆದುಕೊಂಡಳು. ಪರೀಕ್ಷೆ ಬೇಕಿತ್ತು, ತೆಗೆದುಕೊಂಡಳು. ಮನೆಯಲ್ಲಿ ಗೋಡೆಗೆ ಒರಗಿ ಮುಖ್ಯೋಪಾಧ್ಯಾಯಿನಿಯನ್ನು ಬಾಯಿಪಾಠ ಮಾಡುತ್ತಿದ್ದಾಗ ಹಜೀರಾ ರೊಟ್ಟಿ ತಟ್ಟುತ್ತಾ ಕೇಳಿದಳು:

“ಯಾರ ಬಗ್ಗೆ ಓದ್ತೀಯೇ?”

“ನಿನ್ ಬಗ್ಗೆನೇ ಅಮ್ಮಿ.”

ಹಜೀರಾ ತವೆಯ ಉರಿ ಸಣ್ಣಗೆ ಮಾಡಿ ಬಹಳ ಹೊತ್ತು ಕೇಳಿಸಿಕೊಂಡಳು. ಅವಳ ಮುಖದಲ್ಲಿ ಏನನ್ನೋ ಕಾಯುವ ಹುರುಪಿತ್ತು. ಅದು ಬರಲಿಲ್ಲ.

“ಇದ್ರಾಗೆ ಹಸ್ಕ್ ಬರಾದೇ ಇಲ್ವಾ?”

ಗೌಸಿಯಾ ಎದ್ದು ನೀರು ಕುಡಿಯುವ ನೆಪ ಮಾಡಿ ಹಿತ್ತಲಿಗೆ ಹೋದಳು.

ಪರೀಕ್ಷೆಗೆ ಒಂದು ವಾರ ಇರುವಾಗ, ರಾತ್ರಿಪಾಳಿ ಮುಗಿಸಿ ಬುತ್ತಿ ತಂದ ಬೆಳಿಗ್ಗೆ, ಶೆಡ್ಡಿನ ಮುಂದೆ ಕಾರು ನಿಂತಿತ್ತು. ಸತೀಶ್ ಕುಮಾರ್ ಮೊಬೈಲನ್ನು ಕೋಲಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಸಂಧ್ಯಾರಾಣಿ ಇಳಕಲ್ ಸೀರೆ ಉಟ್ಟು ಅಡಿಕೆ ರಾಶಿಯ ಪಕ್ಕದಲ್ಲಿ ನಿಂತಿದ್ದಳು. ಅವಳು ಪರೀಕ್ಷೆಯಲ್ಲಿ ಹೇಳಿದ ಮಾತನ್ನೇ ಈಗ ರೀಲ್ ಮಾಡಿ ಸುತ್ತಲ ನಾಲ್ಕು ತಾಲ್ಲೂಕಿಗೆ ಬಿಡುವುದಂತೆ, ಮುಂದಿನ ಬ್ಯಾಚಿಗೆ ಅದೇ ಜಾಹೀರಾತಂತೆ. ಎಲ್ಲವೂ ಸಿದ್ಧವಿತ್ತು. ಒಂದು ಮಾತ್ರ ಕಡಿಮೆ.

“ನನ್ ಕೈ ಯಾತಕ್ಕೂ ಬರಲ್ಲಂತೆ ನೋಡ್ರಿ,” ಸಂಧ್ಯಾರಾಣಿಯ ತಾಯಿ ಕಸ್ತೂರಮ್ಮ ಬಳೆಗಳನ್ನು ಹಿಂದಕ್ಕೆ ಸರಿಸಿ ಅಂಗೈ ತೋರಿಸಿ ನಕ್ಕರು. ಕೈ ಬೆಣ್ಣೆಯ ಬಣ್ಣಕ್ಕಿತ್ತು. “ಮಗಳು ನನ್ ಬಗ್ಗೆ ಹೇಳ್ಯಾಳೆ, ನಾನೇ ಫೇಲು.”

“ಕೈ ಬೇರೆಯೋರದು ತಗೊಂಡ್ರಾತು ಅಮ್ಮಾ, ಮುಖ ಏನ್ ಕಾಣಲ್ಲ,” ಅಂದರು ಸತೀಶ್ ಕುಮಾರ್. ಸಾಲಿನ ಮೇಲೆ ಕಣ್ಣಾಡಿಸಿದರು. ಸಾಲಿನಲ್ಲಿ ಎಲ್ಲರಿಗಿಂತ ಕಪ್ಪಾದ ಕೈ ಯಾರದೆಂದು ಹುಡುಕಬೇಕಿರಲಿಲ್ಲ.

“ಹಜೀರಾ, ಬಾ ಇಲ್ಲಿ,” ಮಹೇಶ್ವರಪ್ಪ ಕರೆದರು.

ಹಜೀರಾ ಗಡಿಬಿಡಿಯಿಂದ ಎದ್ದಳು. “ತೊಳ್ಕೊಂಡು ಬರ್ತೀನಿ ಗೌಡ್ರೆ.”

“ಏ ಬ್ಯಾಡ ಬ್ಯಾಡ, ತೊಳಿಬ್ಯಾಡ!” ಸತೀಶ್ ಕುಮಾರ್ ಓಡಿಬಂದರು. “ಹಂಗೇ ಇರ್ಲಿ. ಅದೇ ಬೇಕಾಗಿರಾದು.”

“ತೊಳೆದ್ರೂ ಹಂಗೇ ಇರ್ತಾವೆ ಬಿಡ್ರಿ,” ಅಂದಳು ಕೂತಲ್ಲಿಂದಲೇ ಉಚ್ಚಂಗಮ್ಮ. “ನೀವೇನ್ ಹೆದರ್ಕೋಬ್ಯಾಡ್ರಿ.”

ಹಜೀರಾ ಅಡಿಕೆ ರಾಶಿಯ ಮೇಲೆ ಎರಡೂ ಅಂಗೈ ಚಾಚಿ ನಿಂತಳು. ಗೌಡರ ಮಗಳ ಕೆಲಸಕ್ಕೆ ತನ್ನದೂ ಒಂದು ನೆರವು ಎಂಬ ನಾಚಿಕೆಯ ನಗು ಅವಳ ಮುಖದಲ್ಲಿತ್ತು. ಕ್ಯಾಮೆರಾ ಹತ್ತಿರ ಬಂತು. ಸಂಧ್ಯಾರಾಣಿ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಶುರು ಮಾಡಿದಳು. ನಾಲ್ಕನೆಯ ಮಾತಿಗೆ ಹಜೀರಾಳ ತಲೆ ಮೇಲೆದ್ದಿತು.

ಹಸ್ಕ್.

ಅವಳು ಸಂಧ್ಯಾರಾಣಿಯ ಬಾಯಿಯನ್ನೇ ನೋಡಿದಳು. ಮತ್ತೊಂದು ಬಂತು. ಕ್ಯಾಲಸ್. ಹಜೀರಾಳಿಗೆ ಇಂಗ್ಲಿಷ್ ಬರುವುದಿಲ್ಲ. ಈ ಎರಡು ಮಾತ್ರ ಬರುತ್ತವೆ. ಎರಡೂ ಅವಳ ಕೈಯಿಂದಲೇ ಹೋದವು. ಬುತ್ತಿ ಹಿಡಿದು ಬಾಗಿಲಲ್ಲಿ ನಿಂತ ಮಗಳ ಕಡೆ ತಿರುಗಿದಳು.

“ಗೌಸಿಯಾ, ಇದು ನೀ ಕಟ್ಟಿದ್ದಲ್ವಾ?”

ಸತೀಶ್ ಕುಮಾರ್ ಕೋಲು ಕೆಳಗಿಳಿಸಿದರು. “ಕಟ್, ಕಟ್. ಗೌಸಿಯಾ, ಒಳ್ಳೆ ಟೈಮಿಗೆ ಬಂದೆ. ನಿಮ್ಮಮ್ಮಂಗೆ ಹೇಳಮ್ಮ, ಮಾತಾಡಬಾರದು ಅಂತ. ಕೈ ಅಲ್ಲಾಡಿಸಬಾರದು.”

ಗೌಸಿಯಾ ಶೆಡ್ಡಿನೊಳಗೆ ಬಂದಳು. ಬುತ್ತಿಯನ್ನು ಕೆಳಗಿಟ್ಟಳು. ಸುಮ್ಮನಿದ್ದರೆ ಮುಂದಿನ ಶುಕ್ರವಾರ ಗುಲಾಬಿ ಗಿಡದ ಮುಖ್ಯೋಪಾಧ್ಯಾಯಿನಿಯನ್ನು ಹೇಳಿ ಪಾಸಾಗಬಹುದಿತ್ತು. ಆದರೆ ಈ ರೀಲ್ ಹೊರಗೆ ಬಿದ್ದ ಮೇಲೆ ಹಜೀರಾಳ ಕೈ ಎಂದೆಂದಿಗೂ ಕಸ್ತೂರಮ್ಮನ ಕೈ. ಆಮೇಲೆ ಜಗತ್ತಿನ ಯಾವ ಕೋಣೆಯಲ್ಲಿ ಕೂತು ನನ್ನ ತಾಯಿ ಅಂದರೂ ಕದ್ದದ್ದು ಅನ್ನುತ್ತಾರೆ.

“ಹೂಂ ಅಮ್ಮಿ. ನಾ ಕಟ್ಟಿದ್ದು. ನಿನ್ ಕೈ ಬಗ್ಗೆ. ಇವರೆಲ್ಲ ಪರೀಕ್ಷೆನಾಗೆ ತಮ್ಮ ಅಮ್ಮನ ಕೈ ಅಂತ ಹೇಳಿದ್ರು. ಕೊನಿಗೆ ನಾ ಹೇಳಿದ್ರೆ ಸುಳ್ಳು ಅಂದ್ರು.”

“ಅದಕ್ಕೆ ಫೇಲಾತಾ?”

“ಅದಕ್ಕೆ.”

“ಮತ್ತೆ ಮನಿಯಾಗೆ ಓದ್ತಿದ್ಯಲ್ಲ, ನಿನ್ ಬಗ್ಗೆನೇ ಅಂತ?”

“ಅದು ನೀನಲ್ಲ ಅಮ್ಮಿ. ಅದು ಯಾರೋ ಟೀಚರು.”

ಕತ್ತಿಗಳ ಸದ್ದು ಒಂದೊಂದಾಗಿ ನಿಂತಿತು. ಸಂಧ್ಯಾರಾಣಿ ಸೀರೆಯ ಅಂಚು ಹಿಡಿದು ನೆಲ ನೋಡಿದಳು. “ಅಪ್ಪಾಜಿ, ಸಾಕು ಬಿಡ್ರಿ, ಮನೆಗೆ ಹೋಗಣ,” ಅಂದಳು. ಅವಳ ದನಿ ಅವಳಿಗೇ ಕೇಳುವಷ್ಟಿತ್ತು.

“ಏನ್ ಸಾಕು?” ಮಹೇಶ್ವರಪ್ಪನವರಿಗೆ ಇದೆಲ್ಲ ಅರ್ಥವಾಗಲಿಲ್ಲ, ಅರ್ಥವಾಗಬೇಕಾದ ಅಗತ್ಯವೂ ಕಾಣಲಿಲ್ಲ. “ಏನವ್ವ ಹಜೀರಾ, ಕೈಯೇನ್ ಕಿತ್ಕೊಂಡು ಹೋಗ್ತಾರಾ? ನಮ್ಮ ಅಡಿಕೆ ಸುಲಿದು ಕಪ್ಪಾದ ಕೈ. ನಮ್ಮ ಹುಡುಗಿ ಹೇಳಿದ್ರೆ ಏನಾತು?”

“ನಿಮ್ಮ ಅಡಿಕೆ ಹೌದು ಗೌಡ್ರೆ.”

“ಮತ್ತೆ?”

“ಅಡಿಕೆ ಸುಲಿದು ಕೊಟ್ಟೀನಲ್ರಿ. ಕಪ್ಪು ನಂಗೆ ಉಳಿದಿದ್ದು.”

“ಹಂಗಲ್ಲಮ್ಮ,” ಸತೀಶ್ ಕುಮಾರ್ ಮಧ್ಯೆ ಬಂದರು, “ಇದರಿಂದ ನಿಮ್ಮ ಹುಡುಗಿಗೇನೂ ತೊಂದ್ರೆ ಇಲ್ಲ. ಅವಳಿಗೆ ಚೆನ್ನಾಗಿರೋ ಕಥೆ ಬೇರೆ ಕೊಟ್ಟೀನಿ. ಗೌಸಿಯಾ, ನೀನಾದ್ರೂ ತಿಳಿಸಿ ಹೇಳೇ.”

ಗೌಸಿಯಾ ತನ್ನ ಚೀಲದಿಂದ ಮುಖ್ಯೋಪಾಧ್ಯಾಯಿನಿಯ ಹಾಳೆ ತೆಗೆದು ಅವರ ಕೈಗೆ ಕೊಟ್ಟಳು. ಪರೀಕ್ಷೆಗೆ ಇನ್ನು ಅವಳ ಹತ್ತಿರ ಉಳಿದದ್ದು ಹಳಸಿದ್ದೆಂದು ಹೇಳಲಾದ ಒಂದೇ ಕಥೆ.

ಮಹೇಶ್ವರಪ್ಪನವರ ಮುಖ ಬಿಗಿಯಿತು. ಸಾಲಿನ ಹೆಂಗಸರೆಲ್ಲ ನೋಡುತ್ತಿದ್ದರು, ಅದೇ ಅವರಿಗೆ ಹೆಚ್ಚು ಚುಚ್ಚಿತು. ಹಜೀರಾ ಕೂರುವ ಜಾಗದ ಕಡೆ, ಅಲ್ಲಿದ್ದ ಕತ್ತಿಯ ಕಡೆ ಬೆರಳು ಮಾಡಿದರು.

“ನಾಳೆಯಿಂದ ಅಲ್ಲಿ ಕೂರಬೇಕೋ ಬ್ಯಾಡವೋ? ಯೋಚನೆ ಮಾಡಿ ಹೇಳು. ಕೈ ಮುಂದೆ ಮಾಡು.”

ಹಜೀರಾ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ಮಾಡಲ್ಲ ಗೌಡ್ರೆ.”